ಗಾಜಿನ ಪಾತ್ರೆಯಲ್ಲಿ ಗೆದ್ದ ಮದ್ದು

೨೦೨೦ನೆಯ ಇಸವಿಯ ಆದಿಯಲ್ಲಿ ಕೋವಿಡ್ ಜಾಡ್ಯವು ದೇಶದೇಶಗಳನ್ನು ಆವರಿಸುತ್ತಿದ್ದಾಗ, ಮಲೇರಿಯಾ ಜ್ವರದ ಹಳೆಯ ಮದ್ದಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಲ್ಲರ ಬಾಯಲ್ಲಿಯೂ ಇದ್ದುದನ್ನು ವಾಚಕರು ಮರೆತಿರಲಾರರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಆ ವರ್ಷದ ಮಾರ್ಚ್ ತಿಂಗಳಿನಲ್ಲಿಯೇ, ರೋಗಿಗಳ ಶುಶ್ರೂಷೆಗೆ ನಿಂತವರು ರೋಗ ತಗಲದಂತೆ ಇದನ್ನು ಸೇವಿಸಬಹುದೆಂದು ಸಲಹೆಯಿತ್ತಿತು. ಗುಳಿಗೆಗಳು ಅಂಗಡಿಗಳಲ್ಲಿ ದುರ್ಲಭವಾಗಿ, ಸಂಧಿವಾತಕ್ಕಾಗಿ ನಿತ್ಯವೂ ಅವನ್ನೇ ನಂಬಿದ್ದವರು ಪರದಾಡಬೇಕಾಯಿತು.

ಇಷ್ಟೊಂದು ಭರವಸೆಗೆ ಆಧಾರವೇನು? ಕೆಲವು ಚಿಕ್ಕ ಚಿಕಿತ್ಸಾವರದಿಗಳನ್ನು ಬಿಟ್ಟರೆ, ವೀರೋ ಎಂಬ ಜೀವಕೋಶಗಳ ಮೇಲೆ ನಡೆದ ಪರೀಕ್ಷೆಯೇ ಮುಖ್ಯವಾಗಿದ್ದಿತು. ಈ ಕೋಶಗಳು ಆಫ್ರಿಕಾ ಖಂಡದ ಹಸಿರು ಮಂಗವೊಂದರ ಮೂತ್ರಪಿಂಡದಿಂದ ೧೯೬೨ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ತೆಗೆದು ಬೆಳೆಸಿದವು. ಇವನ್ನು ನಾವು ಹೀಗಳೆಯುವುದಿಲ್ಲ. ನಮ್ಮ ದೇಶದ ಕೋವ್ಯಾಕ್ಸಿನ್ ಲಸಿಕೆಗೆ ಬೇಕಾದ ವೈರಸ್ಸನ್ನು ಬೆಳೆಸಿದುದೂ ಇವುಗಳಲ್ಲಿಯೇ. ಆದರೆ ವೈರಸ್ಸನ್ನು ಬೆಳೆಸಲು ಒದಗುವ ಕೋಶವು ಮದ್ದನ್ನು ಒರೆಹಚ್ಚಲೂ ಒದಗೀತೆಂಬ ನಿಯಮವಿಲ್ಲ.

ಸಂಗತಿಯು ಹೀಗಿದೆ. ವೀರೋ ಕೋಶವನ್ನು ಹೊಗುವ ವೈರಸ್ಸು ಮೊದಲು ಕೋಶದೊಳಗಿನ ಆಮ್ಲಯುಕ್ತವಾದ ಕಿರುಚೀಲಗಳಲ್ಲಿ ಸಿಕ್ಕಿ, ಆ ಆಮ್ಲದ ನೆರವಿನಿಂದಲೇ ಬಿಡುಗಡೆ ಹೊಂದುತ್ತದೆ. ಕ್ಲೋರೋಕ್ವಿನ್ ವರ್ಗದ ಮದ್ದುಗಳು ಆಮ್ಲವನ್ನು ತಗ್ಗಿಸುವುದರಿಂದ ವೈರಸ್ಸು ಅಲ್ಲಿಯೇ ಬಂಧಿಯಾಗುತ್ತದೆ. ಮನುಷ್ಯನ ಶ್ವಾಸಕೋಶದ ಕೋಶಗಳಿಗಾದರೋ ಇನ್ನೊಂದು ಬಾಗಿಲುಂಟು. ಅವುಗಳ ಹೊರಮೈಯಲ್ಲಿರುವ ಕಿಣ್ವವೊಂದು ವೈರಸ್ಸಿಗೆ ನೇರವಾಗಿ ದಾರಿಮಾಡಿಕೊಡುತ್ತದೆ. ಆಮ್ಲದ ಹಂಗೇ ಇಲ್ಲ. ಜರ್ಮನಿಯ ವಿಜ್ಞಾನಿಗಳು ಇಂತಹ ಕೋಶಗಳಲ್ಲಿ ಪರೀಕ್ಷಿಸಿ ಮದ್ದು ನಿಷ್ಫಲವೆಂದು ಕಂಡರು. ಫ್ರಾನ್ಸಿನವರು ಮಕಾಕ್ ಕೋತಿಗಳಿಗೆ ಸೋಂಕಿಗೆ ಮುಂಚೆ ಕೊಟ್ಟರು, ಅನಂತರ ಕೊಟ್ಟರು, ಅಜಿತ್ರೋಮೈಸಿನ್ ಕೂಡಿಸಿಯೂ ಕೊಟ್ಟರು. ವೈರಸ್ಸಿನ ಪ್ರಮಾಣವು ಕುಗ್ಗಲಿಲ್ಲ.

ಈ ಎರಡು ಪ್ರಯೋಗಗಳೂ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದುದು ೨೦೨೦ರ ಜುಲೈ ತಿಂಗಳಿನಲ್ಲಿ. ಅಷ್ಟರೊಳಗೆ ದೇಶದೇಶಗಳ ಜನರು ಗುಳಿಗೆಯನ್ನು ನುಂಗಿಯಾಗಿತ್ತು. ಬ್ರಿಟನ್ನಿನ ರಿಕವರಿ ಪರೀಕ್ಷೆಯಲ್ಲಿ ಮದ್ದನ್ನು ಪಡೆದ ೧,೫೬೧ ರೋಗಿಗಳಲ್ಲಿ ೪೨೧ ಮಂದಿಯೂ, ಪಡೆಯದ ೩,೧೫೫ ರೋಗಿಗಳಲ್ಲಿ ೭೯೦ ಮಂದಿಯೂ ೨೮ ದಿನಗಳೊಳಗೆ ಮೃತರಾದರು. ಎಂದರೆ ನೂರಕ್ಕೆ ೨೭ ಮತ್ತು ೨೫. ಕೋತಿಗಳಿಂದ ತಿಳಿಯಬಹುದಾಗಿದ್ದುದನ್ನು ಮನುಷ್ಯರಿಂದ ತಿಳಿದಂತಾಯಿತು. ಅವಸರವಿದ್ದಿತು, ನಿಜ, ಆದರೆ ಶ್ವಾಸಕೋಶದ ಕೋಶಗಳಲ್ಲಿ ಒಮ್ಮೆ ಪರೀಕ್ಷಿಸಿ ನೋಡುವುದು ವರ್ಷಗಟ್ಟಲೆ ಹಿಡಿಯತಕ್ಕ ಕೆಲಸವೇನೂ ಅಲ್ಲ.

ಅದೇ ರಿಕವರಿ ಪರೀಕ್ಷೆಯೇ ೨೦೨೦ರ ಜೂನ್ ತಿಂಗಳಿನಲ್ಲಿ ಡೆಕ್ಸಾಮೆಥಸೋನ್ ಎಂಬ ಅಗ್ಗದ ಮದ್ದಿನ ಗುಣವನ್ನು ಹೊರಗೆಡಹಿತು. ಕೃತಕ ಉಸಿರಾಟದ ಯಂತ್ರಕ್ಕೆ ಒಳಪಟ್ಟವರ ಸಾವು ಅದರಿಂದ ಮೂರರಲ್ಲೊಂದು ಪಾಲು ತಗ್ಗಿತು. ಅದು ಶರೀರದ ಉರಿಯೂತವನ್ನು ಅಡಗಿಸುವಂಥದು. ವೈರಸ್ಸನ್ನು ತಡೆಯುವ ಮದ್ದುಗಳನ್ನೇ ವೀರೋ ಕೋಶಗಳ ಮೇಲೆ ಹುಡುಕುತ್ತಿದ್ದವರ ಕಣ್ಣಿಗೆ ಬೀಳುವ ಸಂಭವವಿರಲಿಲ್ಲ.