ಟೇ ನದಿಯ ದಂಡಿನ ಸೇತುವೆ

ಎರಡು ದಡದ ಜನ ನೆರೆಹೊರೆಯಾಗಲೆಂದು ಸೇತುವೆ ಕಟ್ಟುವುದು ಲೋಕದ ವಾಡಿಕೆ. ಆದರೆ ಸ್ಕಾಟ್ಲೆಂಡಿನ ಅಬರ್‌ಫೆಲ್ಡಿ ಎಂಬ ಪುಟ್ಟ ಊರಿನಲ್ಲಿ ಟೇ ನದಿಗೆ ಅಡ್ಡಲಾಗಿ ನಿಂತಿರುವ ಕಲ್ಲುಸೇತುವೆಯನ್ನು ಕಟ್ಟಿಸಿದ್ದು ಆ ಸೀಮೆಯ ಜನರನ್ನು ಹತೋಟಿಯಲ್ಲಿಡುವುದಕ್ಕೆ.

1688ರಲ್ಲಿ ಸಿಂಹಾಸನ ಕಳೆದುಕೊಂಡಿದ್ದ ಸ್ಟುವರ್ಟ್ ಮನೆತನದ ಪರವಾಗಿ 1715ರಲ್ಲಿ ಅಲ್ಲಿಯ ಬೆಟ್ಟಸೀಮೆಯ ಅನೇಕ ಕುಲಗಳು ದಂಗೆಯೆದ್ದವು. ಬೆಟ್ಟದವರಿಗೆ ಕಾಲುದಾರಿಯೇ ಸಾಕು. ತೋಪು, ಬಂಡಿಗಳನ್ನು ಎಳೆದೊಯ್ಯಬೇಕಾದ ಸರ್ಕಾರದ ಸೈನ್ಯಕ್ಕೆ ಅದು ಸಾಲದು. 1724ರಲ್ಲಿ ಅಲ್ಲಿಗೆ ಹೋದ ಸೇನಾಪತಿ ಜಾರ್ಜ್ ವೇಡ್, ಮರುವರ್ಷವೇ ಸಿಪಾಯಿಗಳ ಕೈಗೆ ಗುದ್ದಲಿ ಕೊಟ್ಟನು. ಸುಮಾರು 12 ವರ್ಷಗಳಲ್ಲಿ 250 ಮೈಲಿಯಷ್ಟು ದಂಡಿನ ರಸ್ತೆಯೂ 40ರಷ್ಟು ಸೇತುವೆಗಳೂ ಸಿದ್ಧವಾದವು.

ಇವುಗಳಲ್ಲಿ ಅಬರ್‌ಫೆಲ್ಡಿಯ ಸೇತುವೆಯದು ಹಿರಿಯ ಸ್ಥಾನ. ಅದರ ನಕ್ಷೆ ಹೆಸರಾಂತ ವಾಸ್ತುಶಿಲ್ಪಿ ವಿಲಿಯಂ ಆಡಂನದು. ಚಳಿಗಾಲದಲ್ಲೇ ಕಲ್ಲುಗಳನ್ನು ಕಡಿದು ಸಂಖ್ಯೆ ಹಾಕಿಟ್ಟು, 1733ರ ಏಪ್ರಿಲಿನಲ್ಲಿ ಅಡಿಗಲ್ಲು ಹಾಕಿದರು. ಅದೇ ಅಕ್ಟೋಬರಿನಲ್ಲಿ ಸಂಚಾರ ಆರಂಭವಾಯಿತು. ಸೇತುವೆಗೆ ಐದು ಕಮಾನುಗಳು; ನಡುವಿನದರ ಅಗಲ 60 ಅಡಿ. ಕಮಾನು ಕಟ್ಟುವ ಕ್ರಮ ಸರಳವಾದದ್ದು. ಮೊದಲು ಮರದ ಅಚ್ಚು ನಿಲ್ಲಿಸಿ, ಅದರ ಮೇಲೆ ಬೆಣೆಯಂಥ ಕಲ್ಲುಗಳನ್ನು ಎರಡೂ ಕಡೆಯಿಂದ ಜೋಡಿಸುತ್ತ ಬರುತ್ತಾರೆ. ನೆತ್ತಿಯ ಕಲ್ಲು ಕೂತಮೇಲೆ ಅಚ್ಚನ್ನು ತೆಗೆದರೂ ಕಲ್ಲು ಕಲ್ಲನ್ನು ಒತ್ತಿ ಹಿಡಿದು ನಿಲ್ಲುತ್ತದೆ.

ಹೀಗೆ ಭದ್ರವಾದ ದಾರಿ ಸರ್ಕಾರಕ್ಕೊಂದಕ್ಕೇ ಮೀಸಲಾಗಿ ಉಳಿಯಿತೆ? ಇಲ್ಲ. 1745ರಲ್ಲಿ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಮತ್ತೆ ದಂಗೆಯೆಬ್ಬಿಸಿದಾಗ, ಅವನ ದಂಡು ದಕ್ಷಿಣಕ್ಕೆ ಇಳಿದುಬಂದದ್ದು ವೇಡ್ ಹಾಕಿಸಿದ್ದ ರಸ್ತೆಗಳ ಮೇಲೆಯೇ! ದಂಗೆಯನ್ನು ಅಡಗಿಸಿದ್ದು 1746ರ ಕಲೋಡನ್ ಕದನ.

ಈ ಸೇತುವೆಯ ಕಥೆಗೆ ನಮ್ಮ ಕರಾವಳಿಯ ನಂಟೂ ಉಂಟು. ಬೆಟ್ಟಸೀಮೆಯ ಕಾವಲಿಗೆಂದು ಅಲ್ಲಿಯವರನ್ನೇ ಸೇರಿಸಿ ಮಾಡಿದ ‘ಬ್ಲ್ಯಾಕ್ ವಾಚ್’ ತುಕಡಿಗಳು ಒಂದು ಪಲ್ಟನ್ನಾಗಿ 1740ರಲ್ಲಿ ಕೂಡಿದ್ದು ಅಬರ್‌ಫೆಲ್ಡಿಯ ಹತ್ತಿರ, ಟೇ ನದಿಯ ದಂಡೆಯಲ್ಲಿ. ಆ ಪಲ್ಟನ್ನಿನ ಎರಡನೆಯ ದಳ 1783ರಲ್ಲಿ ಮಂಗಳೂರಿನ ಕೋಟೆಯೊಳಗಿತ್ತು. ಟಿಪ್ಪು ಸುಲ್ತಾನನ ಮುತ್ತಿಗೆ ಮೇ ತಿಂಗಳಲ್ಲಿ ಮೊದಲಾಗಿ ಮುಂದಿನ ಜನವರಿಯವರೆಗೆ ನಡೆಯಿತು. ಕೋಟೆಯೊಳಗೆ ಈ ಬೆಟ್ಟದವರೂ ಅವರ ಜೊತೆಗಿದ್ದ ಭಾರತೀಯ ಸಿಪಾಯಿಗಳೂ ಹಸಿವು, ರೋಗಗಳಿಂದ ನವೆದರು. ಕಡೆಗೆ ಕೋಟೆಯನ್ನು ಒಪ್ಪಿಸಬೇಕಾಯಿತು. ತಮ್ಮ ನಾಡನ್ನು ಅಂಕೆಗೆ ತರಲು ರಸ್ತೆ ಹಾಕಿಸಿದ ಪ್ರಭುತ್ವಕ್ಕಾಗಿಯೇ ಆ ಬೆಟ್ಟದ ಮಕ್ಕಳು ಇಷ್ಟು ದೂರ ಬಂದು ಸತ್ತರು. ಬ್ಲ್ಯಾಕ್ ವಾಚ್ ಪಲ್ಟನ್ನಿನ ಯುದ್ಧಗೌರವಗಳ ಪಟ್ಟಿಯಲ್ಲಿ ಇಂದಿಗೂ ಮಂಗಳೂರಿನ ಹೆಸರಿದೆ.

ಸೇತುವೆ ಈಗಲೂ ವಾಹನಗಳನ್ನು ಹೊರುತ್ತಿದೆ. ಇಕ್ಕಟ್ಟಾದ್ದರಿಂದ ದೀಪದ ಸನ್ನೆಯಂತೆ ಒಂದು ಸಲಕ್ಕೆ ಒಂದೇ ಕಡೆಯವು ದಾಟಬೇಕು. ನೀವೂ ಹಳೆಯ ಸೇತುವೆಯೊಂದನ್ನು ದಾಟುವಾಗ ಕಟ್ಟಿಸಿದವರ ಹೆಸರನ್ನಷ್ಟೇ ಓದಿ ಮುಂದೆ ನಡೆಯಬೇಡಿ. ಅದರ ಮೇಲೆ ಯಾರು ಯಾರು ನಡೆದರು, ಎಲ್ಲಿಗೆ ಹೋದರು ಎಂಬುದನ್ನೂ ವಿಚಾರಿಸಿ ನೋಡಿ.