ಸಂಗೀತ ಸಾಮಗ್ರಿಗೆ ಸಂಚಾರಿ ಪೆಟ್ಟಿಗೆ: ಆಯ್ಕೆಗೆ ದಾರಿಯೇ ಅಳತೆಗೋಲು

ಧ್ವನಿವರ್ಧಕ ಮತ್ತು ವಾದ್ಯಗಳನ್ನು ಬಾಡಿಗೆಗೆ ನೀಡುವ ಉದ್ಯಮವು ಇಂದು ರಾಜ್ಯದ ತಾಲ್ಲೂಕು ಕೇಂದ್ರಗಳವರೆಗೂ ಹಬ್ಬಿದೆ. ಮದುವೆಯ ಆರತಕ್ಷತೆ, ಗಣೇಶೋತ್ಸವದ ಆರ್ಕೆಸ್ಟ್ರಾ, ಜಾತ್ರೆಯ ನಾಟಕ, ರಾಜ್ಯೋತ್ಸವದ ವೇದಿಕೆ ಇವೆಲ್ಲವೂ ಅದರ ಮಾರುಕಟ್ಟೆ. ಈ ಉದ್ಯಮದ ಬಂಡವಾಳವು ಅಂಗಡಿಯಲ್ಲಿ ಕುಳಿತಿರುವುದಿಲ್ಲ, ರಸ್ತೆಯ ಮೇಲಿರುತ್ತದೆ. ಮಿಕ್ಸರ್ ಒಂದು ವೇದಿಕೆಯ ಮೇಲೆ ನಾಲ್ಕು ತಾಸು ದುಡಿಯಲು ಎಂಟು ತಾಸು ವಾಹನದಲ್ಲಿ ಕುಲುಕಬೇಕಾಗುವುದು ಅಪರೂಪವೇನಲ್ಲ. ಹೀಗಿದ್ದರೂ ಲಕ್ಷಗಟ್ಟಲೆ ಬೆಲೆಯ ಯಂತ್ರವನ್ನು ಕೊಳ್ಳುವಾಗ ತೋರುವ ಎಚ್ಚರಿಕೆಯನ್ನು ಅದನ್ನು ಹೊತ್ತೊಯ್ಯುವ ಪೆಟ್ಟಿಗೆಯ ವಿಷಯದಲ್ಲಿ ತೋರುವವರು ಕಡಿಮೆ. ಅಂಗಡಿಯವನು ಕೊಟ್ಟ ರಟ್ಟಿನ ಡಬ್ಬಿ, ಅದರ ಸುತ್ತ ಹಳೆಯ ಕಂಬಳಿ, ಮೇಲೊಂದು ಹಗ್ಗ: ಇಷ್ಟರಲ್ಲೇ ಹಲವು ಹಂಗಾಮುಗಳು ಕಳೆಯುತ್ತವೆ.

ಪೆಟ್ಟಿಗೆಯ ಬೆಲೆಯನ್ನು ಯಂತ್ರದ ಬೆಲೆಯೊಂದಿಗೆ ತೂಗಿ ನೋಡುವುದು ಸಾಮಾನ್ಯ ರೂಢಿ. ಆ ಲೆಕ್ಕ ಅಪೂರ್ಣವಾದುದು. ಕೆಟ್ಟ ಯಂತ್ರವನ್ನು ದುರಸ್ತಿ ಮಾಡಿಸಬಹುದು. ಮುಹೂರ್ತದ ದಿನ ಮೂಕವಾದ ಧ್ವನಿವರ್ಧಕದಿಂದ ಮರಳಿಸಬೇಕಾದ ಮುಂಗಡ ಮತ್ತು ಕೈತಪ್ಪಿದ ಮುಂದಿನ ಕರಾರುಗಳು ದುರಸ್ತಿಯ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಪೆಟ್ಟಿಗೆಯನ್ನು ತೂಗಬೇಕಾದುದು ಈ ನಷ್ಟದೊಂದಿಗೆ. ಅಂಥ ನಷ್ಟದ ಸಂಭವವನ್ನು ನಿರ್ಧರಿಸುವುದು ಯಂತ್ರದ ಬೆಲೆಯಲ್ಲ, ಅದು ಸಾಗುವ ದಾರಿ ಮತ್ತು ಅದನ್ನು ಎತ್ತಿಳಿಸುವ ಕೈಗಳು.

ದಾರಿಯ ವಿಷಯದಲ್ಲಿ ಕರಾವಳಿಯ ವೃತ್ತಿಪರ ಯಕ್ಷಗಾನ ಮೇಳಗಳಿಗಿಂತ ಒಳ್ಳೆಯ ನಿದರ್ಶನ ದೊರಕಲಾರದು. ಕಾಲ್ನಡಿಗೆಯ ಕಾಲದಲ್ಲಿ ಮೇಳದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ ಸಾಗುತ್ತಿದ್ದವು. ಇಂದು ಲಾರಿಗಳಲ್ಲಿ ವೇಷಭೂಷಣ, ಚೆಂಡೆ, ಮದ್ದಳೆ, ಧ್ವನಿವರ್ಧಕ, ದೀಪಗಳೆಲ್ಲ ಒಟ್ಟಿಗೇ ಸಾಗುತ್ತವೆ. ಸರಿಸುಮಾರು ನವೆಂಬರಿನಲ್ಲಿ ಹೊರಡುವ ತಿರುಗಾಟವು ಮೇ ತಿಂಗಳ ಪತ್ತನಾಜೆಯ ಹೊತ್ತಿಗೆ ಮುಗಿಯುತ್ತದೆ, ರಾತ್ರಿಗೊಂದು ಊರು. ಆರು ತಿಂಗಳೆಂದು ಹಿಡಿದರೂ 180 ಬಾರಿ ಏರಿಸಬೇಕು, 180 ಬಾರಿ ಇಳಿಸಬೇಕು.

ಈ ಸಂಖ್ಯೆಯನ್ನು ಮಾರುಕಟ್ಟೆಯ ಒಂದು ಪ್ರಸಿದ್ಧ ಮಾನದಂಡದೊಂದಿಗೆ ಹೋಲಿಸುವುದು ಉಪಯುಕ್ತ. ಪೆಟ್ಟಿಗೆಗಳ ಮೇಲೆ ‘ಎಟಿಎ 300’ ಎಂಬ ಮಾತು ಆಗಾಗ ಕಾಣಿಸುತ್ತದೆ. ಇದು ಅಮೆರಿಕದ ವಿಮಾನ ಸಾರಿಗೆ ಸಂಘವು ವಿಮಾನದ ಬಿಡಿಭಾಗಗಳ ಪ್ಯಾಕಿಂಗ್‌ಗಾಗಿ ರೂಪಿಸಿದ ನಿಯಮಾವಳಿ. ಅದರ ಮೊದಲನೆಯ ವರ್ಗದ ಪೆಟ್ಟಿಗೆ ಕನಿಷ್ಠ 100 ಹೋಗಿಬರುವ ಪ್ರಯಾಣಗಳನ್ನು ತಾಳಬೇಕು. ಎರಡನೆಯ ವರ್ಗದ್ದು ಕನಿಷ್ಠ 10. ಅಂದರೆ ವರ್ಷಕ್ಕೆ ಹತ್ತಾರು ಕಛೇರಿ ನೀಡುವ ಕಲಾವಿದನಿಗೆ ಮೊದಲ ವರ್ಗದ ಪೆಟ್ಟಿಗೆ ಹಲವು ವರ್ಷಗಳ ಆಸ್ತಿಯಾದರೆ, ರಾತ್ರಿರಾತ್ರಿ ಸಂಚರಿಸುವ ಮೇಳಕ್ಕೆ ಅದೇ ಕನಿಷ್ಠ ಮಟ್ಟವು ಹೆಚ್ಚುಕಡಿಮೆ ಒಂದೇ ತಿರುಗಾಟದಲ್ಲಿ ಮುಗಿದುಹೋಗುತ್ತದೆ. ‘ಎಟಿಎ’ ಎಂದು ಬರೆದ ಚೀಟಿಯನ್ನಷ್ಟೇ ನೋಡಿ ಕೊಳ್ಳುವವರು ಯಾವ ವರ್ಗ ಎಂಬ ಪ್ರಶ್ನೆಯನ್ನಾದರೂ ಕೇಳುವುದು ಒಳಿತು.

ಬಟ್ಟೆಯ ಮೆತ್ತನೆಯ ಚೀಲ ಸ್ವಂತ ಕೈಯಲ್ಲಿ ಹಿಡಿದೊಯ್ಯುವ ಗಿಟಾರ್ ಮತ್ತು ವಯೊಲಿನ್‌ಗಳಿಗೆ ಸಾಕು, ಅದರಾಚೆಗೆ ಅದರ ಮೇಲೆ ಭರವಸೆ ಇಡಲಾಗದು. ಅಚ್ಚಿನಲ್ಲಿ ಎರಕಹೊಯ್ದ ಪ್ಲಾಸ್ಟಿಕ್ ಪೆಟ್ಟಿಗೆ ಹಗುರ. ರಬ್ಬರ್ ಅಂಚಿರುವ ಉತ್ತಮ ದರ್ಜೆಯವು ಧೂಳನ್ನೂ ನೀರನ್ನೂ ತಡೆಯುತ್ತವೆ. ಮೈಕ್ರೊಫೋನ್, ತಂತಿರಹಿತ ಉಪಕರಣ, ಚಿಕ್ಕ ಮಿಕ್ಸರ್‌ಗಳಿಗೆ, ಅದರಲ್ಲೂ ವಿಮಾನ ಪ್ರಯಾಣಕ್ಕೆ, ಇವು ಸೂಕ್ತ. ಆದರೆ ಅವು ಬರುವುದು ಸಿದ್ಧ ಅಳತೆಗಳಲ್ಲಿ, ಒಡೆದ ಪ್ಲಾಸ್ಟಿಕ್ಕನ್ನು ಊರಿನಲ್ಲಿ ಕೂಡಿಸುವವರೂ ಇಲ್ಲ. ಲಾರಿಯ ಸಂಚಾರಕ್ಕೆ ಪ್ಲೈವುಡ್ಡಿನ ಪೆಟ್ಟಿಗೆಯೇ ಇಂದಿಗೂ ಮುಂದಾಳು. ಲ್ಯಾಮಿನೇಟ್ ಅಂಟಿಸಿದ ಹಲಗೆ, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ, ಮೂಲೆಗಳಿಗೆ ಉಕ್ಕಿನ ದುಂಡು ಕವಚ, ಗೋಡೆಯೊಳಗೆ ಹುದುಗಿ ಕೂರುವ ಹಿಡಿ ಮತ್ತು ಬಟರ್‌ಫ್ಲೈ ಚಿಲಕ. ಇದರ ದೊಡ್ಡ ಗುಣವೆಂದರೆ ಮುರಿದ ಭಾಗವನ್ನು ರಿವೆಟ್ ತೆಗೆದು ಬದಲಿಸಬಹುದು.

ಹಲಗೆ ದಪ್ಪವಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಮಾತ್ರ ಪರೀಕ್ಷಿಸಬೇಕು. 1 ಮೀಟರ್ ಉದ್ದ, 70 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಮಿಕ್ಸರ್ ಪೆಟ್ಟಿಗೆಗೆ ಸುಮಾರು 2.4 ಚದರ ಮೀಟರ್ ಹಲಗೆ ಬೇಕು. ಬರ್ಚ್ ಪ್ಲೈವುಡ್ 9 ಮಿ.ಮೀ. ದಪ್ಪದ್ದಾದರೆ ಹಲಗೆಯೊಂದೇ 15 ಕಿಲೋ ತೂಗುತ್ತದೆ, 6 ಮಿ.ಮೀ. ಆದರೆ 10 ಕಿಲೋ. ಲೋಹ, ಫೋಮ್, ಯಂತ್ರ ಎಲ್ಲ ಸೇರಿದಾಗ ಇಬ್ಬರು ನಿರಾಯಾಸವಾಗಿ ಎತ್ತಬಹುದಾದ ಪೆಟ್ಟಿಗೆ ಯಾವ ಹಂತದಲ್ಲಿ ನಾಲ್ವರ ಹೊರೆಯಾಗುತ್ತದೆಂಬುದನ್ನು ಮೊದಲೇ ತೂಗಿ ನೋಡಬೇಕು. ಹಮಾಲಿಗಳು ಎತ್ತಲಾರದ ಪೆಟ್ಟಿಗೆಯನ್ನು ಉರುಳಿಸುತ್ತಾರೆ, ಎತ್ತಿಹಾಕುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ವಿಮಾನದಲ್ಲಾದರೆ ಒಂದೇ ಪೆಟ್ಟಿಗೆ 32 ಕಿಲೋ ಮೀರಿದಾಗ ಅದನ್ನು ಪ್ರಯಾಣಿಕರ ಲಗೇಜಾಗಿ ಸ್ವೀಕರಿಸದಿರುವುದೇ ಸಾಮಾನ್ಯ.

ಹೊರಕವಚಕ್ಕಿಂತಲೂ ಒಳಗಿನ ಫೋಮ್ ಮುಖ್ಯವೆಂದರೆ ಅತಿಶಯೋಕ್ತಿಯಾಗದು. ಯಂತ್ರಕ್ಕೆ ತಗಲುವ ಪೆಟ್ಟು ಎರಡು ಬಗೆಯದು: ಕೆಳಗೆ ಬಿದ್ದಾಗಿನ ಒಂದೇ ದೊಡ್ಡ ಹೊಡೆತ, ಗುಂಡಿಬಿದ್ದ ರಸ್ತೆಯಲ್ಲಿ ತಾಸುಗಟ್ಟಲೆ ನಡೆಯುವ ಸಣ್ಣ ಕಂಪನ. ಮೊದಲನೆಯದು ಕಣ್ಣಿಗೆ ಕಾಣುತ್ತದೆ. ಎರಡನೆಯದು ಸದ್ದಿಲ್ಲದೆ ತಿರುಪುಗಳನ್ನು ಸಡಿಲಿಸಿ, ಬೆಸುಗೆಗಳನ್ನು ಬಿರಿಯಿಸಿ, ಯಂತ್ರದೊಳಗಿನ ಜೋಡಣೆಗಳನ್ನು ಕಳಚುತ್ತದೆ. ಭಾರದ ಯಂತ್ರವನ್ನು ತೀರಾ ಮೆತ್ತನೆಯ ಫೋಮಿನ ಮೇಲಿಟ್ಟರೆ ಅದು ತಳಕ್ಕೆ ಅಪ್ಪಳಿಸುತ್ತದೆ. ಹಗುರವಾದುದನ್ನು ಗಟ್ಟಿ ಫೋಮಿನ ಮೇಲಿಟ್ಟರೆ ಫೋಮ್ ಕುಗ್ಗುವುದೇ ಇಲ್ಲ, ಪೆಟ್ಟು ನೇರವಾಗಿ ಯಂತ್ರಕ್ಕೆ ದಾಟುತ್ತದೆ. ‘ಎರಡು ಇಂಚಿನ ಫೋಮ್ ಹಾಕಿ’ ಎಂಬ ಆದೇಶಕ್ಕೆ ಆದಕಾರಣ ಅರ್ಥವಿಲ್ಲ. ಯಂತ್ರದ ತೂಕವನ್ನು ಬರೆದುಕೊಟ್ಟು ಅದಕ್ಕೆ ತಕ್ಕ ಸಾಂದ್ರತೆಯನ್ನು ಕೇಳಬೇಕು. ನೀರು ಹೀರದ ಪಾಲಿಥಿಲೀನ್ ಫೋಮ್ ಕರಾವಳಿ, ಮಲೆನಾಡುಗಳಿಗೆ ಹೊಂದುತ್ತದೆ. ಸ್ಪಂಜಿನಂಥ ಅಗ್ಗದ ಪಾಲಿಯುರೆಥೇನ್ ಫೋಮ್ ಸೆಕೆ ಮತ್ತು ತೇವಕ್ಕೆ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ ಪುಡಿಯಾಗುವುದುಂಟು, ಆ ಪುಡಿ ಮಿಕ್ಸರಿನ ಜಾರುಗುಂಡಿಗಳ ಸಂದಿಯನ್ನೇ ಸೇರುತ್ತದೆ.

ಆಂಪ್ಲಿಫೈಯರ್‌ಗಳನ್ನು 19 ಇಂಚಿನ ರ‍್ಯಾಕ್‌ನಲ್ಲಿ ಜೋಡಿಸುವವರು ಇನ್ನೊಂದು ಅಂಶವನ್ನು ಮರೆಯಬಾರದು. ಮುಂಭಾಗದ ಕಿವಿಗಳಿಗೆ ಬಿಗಿದ ನಾಲ್ಕು ತಿರುಪುಗಳ ಮೇಲೆಯೇ ಭಾರದ ಯಂತ್ರ ತೂಗಾಡಿದರೆ ಘಟ್ಟ ಇಳಿಯುವಷ್ಟರಲ್ಲಿ ಕಿವಿ ಬಾಗಿರುತ್ತದೆ. ಹಿಂಭಾಗಕ್ಕೂ ಆಧಾರಪಟ್ಟಿ ಬೇಕು. ರ‍್ಯಾಕ್‌ನ ಆಳವನ್ನು ಅಳೆಯುವಾಗ ಹಿಂದಿನ ಕೇಬಲ್ ಮತ್ತು ಪಿನ್ನುಗಳಿಗೂ ಜಾಗ ಬಿಡಬೇಕು.

ಗಾಲಿಗಳ ಆಯ್ಕೆಯಲ್ಲಿ ಒಂದು ಸರಳ ಸೂತ್ರವಿದೆ. ಗಾಲಿ ನಾಲ್ಕಿದ್ದರೂ ಭಾರವನ್ನು ಮೂರರಿಂದ ಭಾಗಿಸಬೇಕು, ಏಕೆಂದರೆ ಏರುತಗ್ಗಿನ ನೆಲದಲ್ಲಿ ಒಂದು ಗಾಲಿ ಸದಾ ಗಾಳಿಯಲ್ಲೇ ಇರುತ್ತದೆ. 120 ಕಿಲೋ ಪೆಟ್ಟಿಗೆಗೆ ತಲಾ 40 ಕಿಲೋಗಿಂತ ಕಡಿಮೆ ತಾಳುವ ಗಾಲಿ ಸಲ್ಲದು. ಸುಮಾರು 4 ಇಂಚು ವ್ಯಾಸದ್ದಿರಲಿ, ಎರಡಕ್ಕಾದರೂ ಬ್ರೇಕ್ ಇರಲಿ. ಜಾತ್ರೆಯ ಗದ್ದೆಯಲ್ಲಿ ಯಾವ ಗಾಲಿಯೂ ಉರುಳುವುದಿಲ್ಲವೆಂಬುದು ಬೇರೆ ಮಾತು, ಅದಕ್ಕಾಗಿಯೇ ಹಿಡಿಗಳು.

ಹೊರ ಅಳತೆಯನ್ನು ನಿರ್ಧರಿಸಬೇಕಾದುದು ವಾಹನ. ಒಳ ಅಗಲ 4 ಅಡಿ 10 ಇಂಚಿರುವ ಸಣ್ಣ ಸರಕು ವಾಹನದಲ್ಲಿ 2 ಅಡಿ 4 ಇಂಚಿನ ಎರಡು ಪೆಟ್ಟಿಗೆಗಳು ಪಕ್ಕಪಕ್ಕದಲ್ಲಿ ಕೂರುತ್ತವೆ. ಅದೇ ಪೆಟ್ಟಿಗೆ ಎರಡೇ ಇಂಚು ಹೆಚ್ಚಿದರೆ ಒಂದು ಕೂತು ಪಕ್ಕದ ಜಾಗ ವ್ಯರ್ಥವಾಗುತ್ತದೆ, ಆ ಖಾಲಿ ಜಾಗದಲ್ಲಿ ಪೆಟ್ಟಿಗೆ ಅಲ್ಲಾಡುತ್ತದೆ. ಎರಡು ಇಂಚಿನ ಅಜಾಗರೂಕತೆಗೆ ಪ್ರತಿ ಕಾರ್ಯಕ್ರಮಕ್ಕೂ ಎರಡನೆಯ ಸುತ್ತಿನ ಬಾಡಿಗೆ ತೆತ್ತವರಿದ್ದಾರೆ.

ಇವೆಲ್ಲ ಯಂತ್ರಗಳ ಮಾತಾಯಿತು. ವೀಣೆಯ ಸಮಸ್ಯೆಯೇ ಬೇರೆ. ಅದರ 24 ಮೆಟ್ಟಿಲುಗಳು ಕೂರುವುದು ಮೇಣದ ಮೇಲೆ. ಬಿಸಿಲಿನಲ್ಲಿ ನಿಂತ ಕಾರಿನೊಳಗಣ ಕಪ್ಪು ಪೆಟ್ಟಿಗೆಯಲ್ಲಿ ಮೇಣ ಮೆತ್ತಗಾದರೆ ಮೆಟ್ಟಿಲು ಸರಿಯುತ್ತದೆ, ಸರಿದ ಮೆಟ್ಟಿಲನ್ನು ಮತ್ತೆ ಸ್ವರಕ್ಕೆ ಕೂರಿಸಲು ನುರಿತ ಕೈ ಬೇಕು. ತಿಳಿ ಬಣ್ಣದ ಹೊರಮೈ ಇಲ್ಲಿ ಅಲಂಕಾರವಲ್ಲ, ಅಗತ್ಯ. ಕೊಡ, ದಂಡಿ, ಯಾಳಿಮುಖ ಒಂದೊಂದೂ ಒಂದೊಂದು ಎತ್ತರದಲ್ಲಿರುವುದರಿಂದ ಆಧಾರವು ಕೊಡದ ಕೆಳಗಷ್ಟೇ ಇದ್ದರೆ ಸಾಲದು, ದಂಡಿಯ ಉದ್ದಕ್ಕೂ ದೊರೆಯಬೇಕು. ಮುಚ್ಚಳವು ತಂತಿ ಮತ್ತು ಕುದುರೆಯನ್ನು ಒತ್ತಬಾರದು. ವೀಣೆಯನ್ನೇ ಅಳತೆಗೆ ಒಯ್ಯದೆ ಇಂಥ ಪೆಟ್ಟಿಗೆಯನ್ನು ಮಾಡಿಸಲಾಗದು. ಚರ್ಮವಾದ್ಯಗಳಿಗೂ ಶಾಖ ಮತ್ತು ತೇವವೇ ಶತ್ರು. ತಂಪು ಸ್ಥಳದಿಂದ ಸೆಕೆಯ ಊರಿಗೆ ಬಂದ ಯಾವುದೇ ಪೆಟ್ಟಿಗೆಯನ್ನು ಇಳಿಸಿದೊಡನೆ ತೆರೆಯದೆ, ಒಳಗಿನ ವಸ್ತು ಹೊರಗಿನ ಶಾಖಕ್ಕೆ ಹೊಂದುವವರೆಗೆ ಮುಚ್ಚಿಡುವುದು ಒಳ್ಳೆಯ ಅಭ್ಯಾಸ. ಇಲ್ಲವಾದರೆ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ.

ಕಾಗದಪತ್ರದ ಮುಖವೂ ಇದೆ. ಸರಕು ಸಾಗಣೆಗೆ ಅನ್ವಯಿಸುವ ಇನ್‌ಸ್ಟಿಟ್ಯೂಟ್ ಕಾರ್ಗೊ ಕ್ಲಾಸ್‌ಗಳ ಪ್ರಕಾರ ಸಾಲದ ಅಥವಾ ತಕ್ಕುದಲ್ಲದ ಪ್ಯಾಕಿಂಗ್‌ನಿಂದ ಆದ ನಷ್ಟಕ್ಕೆ ವಿಮೆಯ ರಕ್ಷಣೆಯಿಲ್ಲ. ಕಂಬಳಿ ಸುತ್ತಿದ ಮಿಕ್ಸರಿಗೆ ಕಂತು ಕಟ್ಟಿದ್ದರೂ ಪರಿಹಾರ ಸಿಗದಿರಬಹುದು. ತೆರಿಗೆಯ ವರ್ಗೀಕರಣದಲ್ಲಿ ಪ್ರತ್ಯೇಕವಾಗಿ ಮಾರುವ ವಾದ್ಯದ ಪೆಟ್ಟಿಗೆ 4202ನೆಯ ಶೀರ್ಷಿಕೆಗೆ ಸೇರುತ್ತದೆ. ವಾದ್ಯದ ಆಕಾರಕ್ಕೇ ತಯಾರಾಗಿ ಅದರೊಂದಿಗೆ ಮಾರಾಟವಾಗುವ ಪೆಟ್ಟಿಗೆಗೆ ಸಾಮಾನ್ಯವಾಗಿ ವಾದ್ಯದ ವರ್ಗವೇ ಸಲ್ಲುತ್ತದೆ. ತಯಾರಕರು ಬಿಲ್ ಬರೆಯುವ ಮೊದಲು ಈ ವ್ಯತ್ಯಾಸವನ್ನು ಲೆಕ್ಕಪರಿಶೋಧಕರಲ್ಲಿ ಖಚಿತಪಡಿಸಿಕೊಳ್ಳುವುದು ಲೇಸು.

ವಿದೇಶ ಕಾರ್ಯಕ್ರಮಗಳಿಗೆ ಹೋಗುವ ತಂಡಗಳಿಗೆ ಇನ್ನೊಂದು ‘ಎಟಿಎ’ ಎದುರಾಗುತ್ತದೆ. ಅದು ವಸ್ತುಗಳನ್ನು ತಾತ್ಕಾಲಿಕವಾಗಿ ಸುಂಕವಿಲ್ಲದೆ ಒಯ್ದು ಮರಳಿ ತರುವ ಎಟಿಎ ಕಾರ್ನೆ. ಭಾರತದಲ್ಲಿ ಅದನ್ನು ನೀಡುವುದು ಎಫ್‌ಐಸಿಸಿಐ. ಹೆಸರೊಂದೇ ಎಂಬುದನ್ನು ಬಿಟ್ಟರೆ ಪೆಟ್ಟಿಗೆಯ ಎಟಿಎಗೂ ಇದಕ್ಕೂ ಸಂಬಂಧವಿಲ್ಲ. ಹಸಿ ಮರದ ಹಲಗೆಯಿಂದ ಮಾಡಿದ ಸಾಗಣೆ ಪೆಟ್ಟಿಗೆಗೆ ಅನೇಕ ದೇಶಗಳು ಐಎಸ್‌ಪಿಎಂ 15 ನಿಯಮದಂತೆ ಕೀಟನಾಶಕ ಸಂಸ್ಕರಣೆಯ ಮುದ್ರೆಯನ್ನು ಕೇಳುತ್ತವೆ. ಪ್ಲೈವುಡ್ಡಿಗೆ ಈ ನಿಯಮದಿಂದ ವಿನಾಯಿತಿ ಇದೆ.

ಪ್ರತಿ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ವಸ್ತುಗಳ ಪಟ್ಟಿ, ಕ್ರಮಸಂಖ್ಯೆ, ತೂಕಗಳನ್ನು ಅಂಟಿಸಿದರೆ ಡೆಲಿವರಿ ಚಲನ್, ಇ-ವೇ ಬಿಲ್, ಕಾರ್ನೆ, ವಿಮೆಯ ಅರ್ಜಿ ಎಲ್ಲಕ್ಕೂ ಅದೇ ಒದಗುತ್ತದೆ. ಕಾರ್ಯಕ್ರಮ ಮುಗಿದ ಮಧ್ಯರಾತ್ರಿ ಯಾವ ಮೈಕ್ರೊಫೋನ್ ವೇದಿಕೆಯಲ್ಲೇ ಉಳಿಯಿತೆಂದು ತಿಳಿಯಲೂ ಅದೇ ಸಾಧನ.

ಪೆಟ್ಟಿಗೆ ಮಾಡಿಸುವವರು ಪೂರ್ಣ ಹಣ ಪಾವತಿಸುವ ಮುನ್ನ ಯಂತ್ರವನ್ನು ಅದರೊಳಗಿಟ್ಟು, ಚಿಲಕ ಹಾಕಿ, ಪೆಟ್ಟಿಗೆಯನ್ನು ನಾಲ್ಕೂ ಮಗ್ಗುಲಿಗೆ ಹೊರಳಿಸಿ ನೋಡಬೇಕು. ಒಳಗಿನಿಂದ ಸದ್ದು ಕೇಳಿಬಂದರೆ ಫೋಮನ್ನು ಮತ್ತೆ ಕತ್ತರಿಸಿ ಕೂರಿಸಿಕೊಡುವಂತೆ ಅಲ್ಲಿಯೇ ಕೇಳಬಹುದು.