ಮಾನ್ಗೆ ಏಳುವ ಹೊತ್ತು

ಪುಷ್ಯದ ಅಮಾವಾಸ್ಯೆ ಕಳೆದು ನಾಲ್ಕನೆಯ ಬೆಳಿಗ್ಗೆ. ಮಾಂಡೋವಿಯನ್ನೂ ಜುವಾರಿಯನ್ನೂ ಕೂಡಿಸುವ ಕುಂಭಾರ್ಜುವಾ ಕಾಲುವೆಯಲ್ಲಿ ದೋಣಿ ನಿಲ್ಲಿಸಿಕೊಂಡು ಕೂತಿದ್ದೇವೆ. ನೀರು ಇನ್ನೂ ಇಳಿಯುತ್ತಿದೆ. ದೋಣಿಯವನ ಮಗ ಮೊಬೈಲಿನಲ್ಲಿ ಸಿನಿಮಾ ಹಚ್ಚಿದ್ದ: ಆಕಾಶದಿಂದ ಬಂಡೆ ಬಿದ್ದು, ನೆಲದಡಿ ಮಲಗಿದ್ದ ದೈತ್ಯರೆಲ್ಲ ಎದ್ದು ಊರು ತುಳಿಯುವ ಕತೆ. ಮಾನ್ಗೆ ಏಳುವ ಹೊತ್ತು, ಆರಿಸು ಎಂದು ಅಪ್ಪ ಕೊಂಕಣಿಯಲ್ಲಿ ಗದರಿದ. ಮಾನ್ಗೆ ಅಂದರೆ ಮೊಸಳೆ.

8.50. ಕಾಂಡ್ಲಾ ಬೇರುಗಳ ಬುಡದಲ್ಲಿ ಕೆಸರು ಬಿಚ್ಚಿಕೊಂಡಿತು. ಒಂದೇ ಕೊಂಬು ದೊಡ್ಡದಿರುವ ಪುಟ್ಟ ಏಡಿಗಳು ಬಿಲದಿಂದ ಹೊರಬಂದವು.

9.15. ಏಡಿಗಳೆಲ್ಲ ಒಮ್ಮೆಲೇ ಒಳಗೆ. ನೀರಂಚಿನ ಕೊರಡೊಂದಕ್ಕೆ ಕಣ್ಣು ಮೂಡಿತು. ಕೊರಡು ನಾಲ್ಕು ಹೆಜ್ಜೆ ಮೇಲೇರಿ ಹೊಟ್ಟೆ ಊರಿತು. ಹತ್ತಡಿಗೆ ಕಡಿಮೆಯಿಲ್ಲ.

9.40. ಬಾಯಿ ತೆರೆದಿದೆ. ಹೆದರಿಸಲಿಕ್ಕಲ್ಲ, ಮೈಯ ಬಿಸಿ ಹದಕ್ಕೆ ತರಲು. ಬೆಳ್ಳಕ್ಕಿಯೊಂದು ಬಾಲದಿಂದ ಮಾರು ದೂರದಲ್ಲಿ ನಿಂತು ಲೆಕ್ಕ ಹಾಕುತ್ತಿದೆ.

ಇದು ಮಗ್ಗರ್, ಸಿಹಿನೀರಿನ ಮೊಸಳೆ. ದಾಂಡೇಲಿಯ ಕಾಳಿಯಲ್ಲಿ ಬಂಡೆಯ ಮೇಲೆ ಕಂಡದ್ದೂ ಇದೇ ಜಾತಿ. ಇಲ್ಲಿ ಮಾತ್ರ ದಿನಕ್ಕೆರಡು ಸಲ ಉಪ್ಪುನೀರು ನುಗ್ಗುವ ಕಡೆ ಸಂಸಾರ ಹೂಡಿದೆ. ಬಿಜಾಪುರದ ಆದಿಲ್‌ಶಾಹಿಯವರು ಕಾವಲಿಗೆಂದು ತಂದುಬಿಟ್ಟದ್ದು ಎಂದು ಹೇಳುವವರಿದ್ದಾರೆ. ನನಗೆ ನಂಬಿಕೆಯಿಲ್ಲ. ನದಿಗೆ ಮೊಸಳೆ ತರಲು ಸುಲ್ತಾನನೇಕೆ ಬೇಕು?

ಆ ಹುಡುಗನ ಸಿನಿಮಾ ನಡೆದದ್ದನ್ನು ತಿರುಗಿಸಿ ಹೇಳುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹತ್ತು ಕಿಲೋಮೀಟರ್ ಅಗಲದ ಬಂಡೆ ನಿಜಕ್ಕೂ ಬಿತ್ತು, ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ. ಅದೇ ಕಾಲದ ಆಸುಪಾಸಿನಲ್ಲಿ ಇತ್ತ ದಖ್ಖನ್ನಿನ ಲಾವಾ ಹರಿಯುತ್ತಿತ್ತು. ಗೋವೆಯ ಈಶಾನ್ಯದ ಘಟ್ಟದಂಚಿನಲ್ಲಿ ಆ ಕಪ್ಪುಕಲ್ಲು ಈಗಲೂ ಸಿಗುತ್ತದೆ. ಧೂಳು ಬಿಸಿಲನ್ನು ಮುಚ್ಚಿತು, ಹಸಿರು ಸತ್ತಿತು, ಹಸಿರನ್ನು ನೆಚ್ಚಿದ ಡೈನೋಸಾರುಗಳು ಮಲಗಿದವು. ಯಾವ ದೈತ್ಯನೂ ಏಳಲಿಲ್ಲ. ಉಳಿದವರಲ್ಲಿ ಮೊಸಳೆಯ ಪೂರ್ವಜರೂ ಇದ್ದರು. ತಣ್ಣೆತ್ತರು, ತಿಂಗಳುಗಟ್ಟಲೆ ಉಪವಾಸ ತಡೆಯುವ ಹೊಟ್ಟೆ, ಕೊಳೆತದ್ದನ್ನು ತಿಂದು ಬದುಕುವ ಜೀವಗಳಿಂದ ತುಂಬಿದ ಹೊಳೆ: ಅವುಗಳ ಪಾಲಿಗೆ ಇಷ್ಟು ಒದಗಿಬಂದಿರಬೇಕು.

ಹಿಂದಿನ ಸಂಜೆ ಫೋಂಡಾ ತಾಲ್ಲೂಕಿನ ದುರ್ಭಾಟಿಗೆ ಹೋಗಿದ್ದೆ. ಅಲ್ಲಿ ಪುಷ್ಯದ ಅಮಾವಾಸ್ಯೆಗೆ ಜೇಡಿಯಲ್ಲಿ ಮೊಸಳೆ ಮಾಡಿ, ಚಿಪ್ಪುಗಳನ್ನು ಚುಚ್ಚಿ ಪೂಜಿಸುತ್ತಾರೆ. ಮಾನ್ಗೆ ಥಾಪ್ಣಿ ಎಂದು ಹೆಸರು. ಮೂರು ದಿನದ ಬಿಸಿಲಿಗೆ ಬೆನ್ನು ಬಿರಿದಿತ್ತು, ಬಾಲದ ತುದಿ ಮುರಿದಿತ್ತು. ಆಚೆಗೆ ಖಾಜನ್ ಗದ್ದೆ: ಒಡ್ಡು ಕಟ್ಟಿ ಉಪ್ಪುನೀರು ತಡೆದು ಕೊರ್ಗುಟ್ ಭತ್ತ ಬೆಳೆಯುವ ಭೂಮಿ. ನಮ್ಮ ಅಘನಾಶಿನಿಯ ಗಜನಿ, ಅಲ್ಲಿಯ ಕಗ್ಗ ಭತ್ತ, ಇದರ ಒಡಹುಟ್ಟುಗಳೇ. ರಾತ್ರಿ ಒಡ್ಡು ಕಾಯಲು, ಬಲೆ ಬಿಡಲು ಸೊಂಟದುದ್ದ ನೀರಿಗಿಳಿಯುವವರಿಗೆ ಮೊಸಳೆಯೊಂದಿಗೆ ಒಪ್ಪಂದ ಬೇಕೇಬೇಕು.

10.30. ಭರತದ ನೀರು ಹಿಂದಿನ ಕಾಲು ಮುಟ್ಟಿತು. ಅಲುಗಲಿಲ್ಲ.

11.05. ಹೊಟ್ಟೆಯಡಿಗೆ ನೀರು ಬಂದು ಮೈಯನ್ನು ತಾನೇ ಎತ್ತಿಕೊಂಡಿತು. ಬಾಯಿ ಮುಚ್ಚಿತು. ಒಂದು ತೆರೆಯೂ ಏಳಲಿಲ್ಲ. ಹುಡುಗ ಯಾವಾಗಲೋ ಮೊಬೈಲನ್ನು ಕಿಸೆಗೆ ಹಾಕಿದ್ದ. "ಎಲ್ಲಿ ಹೋಯ್ತು?" ಎಂದು ಕೇಳಿದ. ದೋಣಿಯವನು ನಮ್ಮ ದೋಣಿಯ ಅಡಿಗೆ ಬೆರಳು ತೋರಿಸಿದ.